ಇನ್‌ಕಮಿಂಗಿಗೆ 10 ಪೈಸೆ

2008ರಲ್ಲಿ ನಾವು ಮೂವರು ಬೆಂಗಳೂರಿನ ವಿಜಯನಗರದಲ್ಲಿ ಒಂದೇ ರೂಮಿನಲ್ಲಿದ್ದೆವು. ಆಗ ನಮ್ಮ ಬಾಯಲ್ಲಿ ಕರೆನ್ಸಿ ಎಂದರೆ ಫೋನಿನ ಕರೆನ್ಸಿಯೇ. ತಿಂಗಳ ಕೊನೆಗೆ ಮೂವರ ಚಿಲ್ಲರೆ ಕೂಡಿಸಿ ಒಂದು ರೀಚಾರ್ಜ್ ಕಾರ್ಡ್ ತರುತ್ತಿದ್ದೆವು. ಒಬ್ಬ ನಾಣ್ಯದಿಂದ ಪಟ್ಟಿ ಕೆರೆದು ನಂಬರು ಓದುವುದು, ಇನ್ನೊಬ್ಬ ಒತ್ತುವುದು. ಉಗುರಿನ ಸಂದಿಯಲ್ಲಿ ಕೂತ ಆ ಬೂದು ಪುಡಿ ಊಟಕ್ಕೆ ಕೈ ತೊಳೆದರೂ ಬಿಡುತ್ತಿರಲಿಲ್ಲ.

ತೆರಿಗೆ, ಶುಲ್ಕ ಅಂತ ಮುರಿದುಕೊಂಡು ಉಳಿದದ್ದಷ್ಟೇ ನಮಗೆ. ಹಾಗಾಗಿ ಹಬ್ಬಕ್ಕೆ 'ಫುಲ್ ಟಾಕ್‌ಟೈಮ್' ಎಂಬ ಮೆಸೇಜ್ ಬಂದರೆ, ಸೊಪ್ಪಿನಮ್ಮ ಕೊಸರು ಹಾಕಿದಷ್ಟು ಖುಷಿ.

ಆ ವರ್ಷ ಮಾರ್ಚ್‌ನಲ್ಲಿ ಟಾಟಾದವರ ಜೊತೆಗೂಡಿ ವರ್ಜಿನ್ ಮೊಬೈಲ್ ನಮ್ಮ ದೇಶಕ್ಕೆ ಬಂತು. ಬರುವ ಕರೆಗೆ ನಿಮಿಷಕ್ಕೆ 10 ಪೈಸೆ ನಮ್ಮ ಖಾತೆಗೇ ಜಮಾ! ಕೆಲವೇ ವರ್ಷಗಳ ಹಿಂದೆ ಇನ್‌ಕಮಿಂಗಿಗೂ ದುಡ್ಡು ತೆತ್ತಿದ್ದ ಜನ ನಾವು, ನಂಬಲು ಎರಡು ದಿನ ಬೇಕಾಯಿತು. ನಮ್ಮ ಮೂವರಲ್ಲಿ ಗದಗ ಕಡೆಯ ಗೆಳೆಯ ಅದನ್ನು ಮೊದಲು ಕೊಂಡ.

ಅವನ ಅವ್ವ ಪ್ರತಿ ಭಾನುವಾರ ಊರಿನ ಎಸ್‌ಟಿಡಿ ಬೂತಿನಿಂದ ಮಾತಾಡುತ್ತಿದ್ದರು. ನಿಮಿಷಕ್ಕೆ ಒಂದು ರೂಪಾಯಿಯಾದರೂ ಕೊಡಲೇಬೇಕಿತ್ತು. ಮಗನಿಗೆ ದುಡ್ಡು ಜಮಾ ಆಗುತ್ತದೆಂದು ತಿಳಿದ ಮೇಲೆ ಮಾತು ಉದ್ದವಾಯಿತು. ಎಮ್ಮೆ ಕರು ಹಾಕಿದ್ದು, ಪಕ್ಕದ ಮನೆಯ ಸೀಮಂತ, ಬಿಸಿಲಿಗೆ ಹಾಕಿದ ಶಾವಿಗೆ, ಎಲ್ಲವೂ ಬರುತ್ತಿತ್ತು. "ಯವ್ವಾ, ಅಲ್ಲಿ ನಿಂದು ಇಪ್ಪತ್ತು ರೂಪಾಯಿ ಹೋದ್ರ ಇಲ್ಲಿ ನನಗ ಬರೋದು ಎರಡು" ಎಂದು ಒಂದು ಸಲ ಅವನು ಲೆಕ್ಕ ಹೇಳಿದ. ಅವರು ಅಂದದ್ದು ನಮಗೂ ಕೇಳಿಸಿತು: "ನಂದು ಹೋದ್ರ ಹೋಗ್ಲಿ ಬಿಡಪಾ, ನಿನಗ ಬರತೈತಲ್ಲ."

ಆ ಎರಡು ರೂಪಾಯಿಯಲ್ಲಿ ನಾವಿಬ್ಬರೂ ಅವನ ಫೋನಿನಿಂದಲೇ ನಮ್ಮ ಮನೆಗೆ ಮಾತಾಡಿದ್ದುಂಟು. ಆ ಅವ್ವನ ಋಣ ನಮ್ಮ ಮೇಲೂ ಇದೆ.

ಆಮೇಲೆ 2009ರಲ್ಲಿ ಸೆಕೆಂಡಿನ ಲೆಕ್ಕ ಬಂತು, 2016ರಲ್ಲಿ ಜಿಯೋ. ಈಗ ಆ್ಯಪಿನಲ್ಲಿ ಪಾಯಿಂಟ್ ಸೇರುತ್ತವೆ, ಅವಧಿ ಮುಗಿದು ಹೋಗುತ್ತವೆ, ಯಾರೂ ಯಾರಿಗೂ ಹೇಳುವುದಿಲ್ಲ. ನಾನು ಕಂಡ ಕೊಡುಗೆಗಳಲ್ಲೆಲ್ಲ ದೊಡ್ಡದು ಆ 10 ಪೈಸೆಯೇ. ನಮ್ಮನ್ನು ಯಾರೋ ನೆನೆದದ್ದಕ್ಕೆ ಸಿಕ್ಕ ದುಡ್ಡು ಅದು.

ವರ್ಜಿನ್ ಮೊಬೈಲ್ ಈಗ ನಮ್ಮಲ್ಲಿಲ್ಲ, ಊರಿನ ಆ ಬೂತೂ ಇಲ್ಲ. ಆ ತಾಯಿ ಮಾತ್ರ ಈಗಲೂ ಭಾನುವಾರ ಮಗನಿಗೆ ಫೋನ್ ಮಾಡುತ್ತಾರೆ.