ಮೂರನೆಯ ತಂತಿ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು 1905ರಲ್ಲಿ ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಈಗ ಅದು ನಮ್ಮ ಅಡಿಗೆಮನೆ, ಬಚ್ಚಲುಮನೆಗಳನ್ನೂ ಹೊಕ್ಕಿದೆ. ಆದರೂ ಬೆಂಕಿಯ ಸ್ವಭಾವವನ್ನು ಬಲ್ಲಷ್ಟು ತಂತಿಯ ಸ್ವಭಾವವನ್ನು ನಾವು ಬಲ್ಲವರಲ್ಲ.

ನಮ್ಮದು ತಂದೆಯವರು ಕಟ್ಟಿಸಿದ ಮನೆ. ಬಚ್ಚಲಿಗೆ ಗೀಸರು ಬಂದ ಕೆಲವು ವರ್ಷಗಳ ಮೇಲೆ, ನಲ್ಲಿಯನ್ನು ಮುಟ್ಟಿದರೆ ಕೈ ಜುಮ್ಮೆನ್ನುವುದೆಂದು ಅತ್ತಿಗೆಯವರು ಹೇಳಿದರು. "ಫ್ಯೂಸು ಹೋಗಿಲ್ಲವಲ್ಲಮ್ಮ, ಭಯವೇನು?" ಎಂದರು ದೊಡ್ಡಪ್ಪನವರು. ಅನೇಕ ಮನೆಗಳಲ್ಲಿ ಇದೇ ನಂಬಿಕೆಯುಂಟು.

ಫ್ಯೂಸು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಎರಡು ಸಾವಿರ ವ್ಯಾಟಿನ ಗೀಸರು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರು ಎಳೆಯುತ್ತದೆ. ಆದುದರಿಂದ ಅದಕ್ಕೆ 16 ಆಂಪಿಯರಿನ ಫ್ಯೂಸನ್ನೋ ಎಂ.ಸಿ.ಬಿ.ಯನ್ನೋ ಇಡುತ್ತಾರೆ. ಮನುಷ್ಯನ ಎದೆಯ ಮೂಲಕ ಹರಿದರೆ ಪ್ರಾಣ ತೆಗೆಯಲು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲೇ ಸಾಕು. ಅಷ್ಟು ಅಲ್ಪವಾದುದು ಫ್ಯೂಸಿನ ಗಮನಕ್ಕೇ ಬಾರದು.

ಕೆಲಸಗಾರನು ಬಂದು ಸಾಕೆಟ್ಟನ್ನು ಬಿಚ್ಚಿದಾಗ, ಮೂರು ರಂಧ್ರಗಳಲ್ಲಿ ದೊಡ್ಡದರ ಹಿಂದೆ ತಂತಿಯೇ ಇರಲಿಲ್ಲ. ಫೇಸ್ ತಂತಿ ಶಕ್ತಿಯನ್ನು ತರುತ್ತದೆ, ನ್ಯೂಟ್ರಲ್ ತಂತಿ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಹಸುರು ಬಣ್ಣದ ಮೂರನೆಯದು ಅರ್ತಿಂಗ್ ತಂತಿ. ಅದು ಉಪಕರಣದ ಲೋಹದ ಮೈಯನ್ನು ನೆಲಕ್ಕೆ ಜೋಡಿಸುತ್ತದೆ. ಒಳಗಿನ ಶಕ್ತಿ ಮೈಗೆ ಸೋರಿದರೆ ಅದಕ್ಕೆ ನೆಲಕ್ಕಿಳಿಯುವ ಸುಲಭವಾದ ದಾರಿ ದೊರೆಯುತ್ತದೆ. ಸೋರಿಕೆ ಬಲವಾಗಿದ್ದರೆ ಫ್ಯೂಸೂ ಹಾರುತ್ತದೆ. ಪ್ಲಗ್ಗಿನ ದೊಡ್ಡ ಕಡ್ಡಿ ಉಳಿದೆರಡಕ್ಕಿಂತ ಉದ್ದವಾಗಿರುವುದು, ಅದು ಎಲ್ಲಕ್ಕಿಂತ ಮೊದಲು ಕೂಡಿ ಕೊನೆಗೆ ಅಗಲಲೆಂದೇ.

ನಾವು ಹಿತ್ತಿಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪುಗಳ ನಡುವೆ ಕಬ್ಬಿಣದ ಕೊಳವೆಯನ್ನು ಹೂಳಿಸಿ, ಅಲ್ಲಿಂದ ಪ್ರತಿಯೊಂದು ಸಾಕೆಟ್ಟಿಗೂ ಹಸುರು ತಂತಿ ಎಳೆಯಿಸಿದೆವು. ಸೋರುತ್ತಿದ್ದ ಗೀಸರಿನ ಕಾಯಿಲನ್ನೂ ಬದಲಾಯಿಸಿದೆವು. ಜೊತೆಗೆ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಇಡಿಸಿದೆವು. ಇದು ಹೋದ ಶಕ್ತಿಯನ್ನೂ ಮರಳಿದ ಶಕ್ತಿಯನ್ನೂ ಎಡೆಬಿಡದೆ ತೂಗಿನೋಡುತ್ತಿದ್ದು, 30 ಮಿಲಿ ಆಂಪಿಯರಿನಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿಯುತ್ತದೆ. ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ್ಗೆ ಒತ್ತಿನೋಡುವ ಕೆಲಸವನ್ನು ಅತ್ತಿಗೆಯವರೇ ವಹಿಸಿಕೊಂಡಿದ್ದಾರೆ. ಆದರೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಹಿಡಿದವರನ್ನು ಇದೂ ಕಾಯಲಾರದು. ಆದುದರಿಂದ ಎಚ್ಚರಿಕೆಯನ್ನು ಬಿಡತಕ್ಕದ್ದಲ್ಲ.

ಬಾಡಿಗೆಗೆ ಮನೆ ನೋಡುವಾಗ ನೀರಿನ ಅನುಕೂಲವನ್ನು ತಪ್ಪದೆ ವಿಚಾರಿಸುತ್ತೇವೆ. ಅರ್ತಿಂಗ್ ಉಂಟೇ ಎಂದು ಕೇಳುವುದೂ ಗೃಹಸ್ಥರಿಗೆ ಅಷ್ಟೇ ಯುಕ್ತವಾದುದು.