ಭವಿಷ್ಯಕ್ಕೊಂದು ಮಂಜೂರಾತಿ

ಸರ್ಕಾರಿ ಕಚೇರಿಯಲ್ಲಿ ಕುರ್ಚಿ ಕೊಳ್ಳುವುದಕ್ಕೆ ದಾರಿಯಿದೆ, ಕಾರು ಬಾಡಿಗೆಗೆ ಹಿಡಿಯುವುದಕ್ಕೆ ದಾರಿಯಿದೆ. ನಾಳೆಯನ್ನು ಕುರಿತು ಒಂದು ಗಂಟೆ ಮಾತನಾಡುವವರನ್ನು ಕರೆಸುವುದಕ್ಕೆ ಯಾವ ದಾರಿ ಎಂಬುದನ್ನು ಕಳೆದ ವರ್ಷ ನಾನು ಹುಡುಕಬೇಕಾಯಿತು. ದೆಹಲಿಯ ನಮ್ಮ ಕಚೇರಿಯ ವಾರ್ಷಿಕ ದಿನಕ್ಕೆ ಈ ಸಲ ‘ಫ್ಯೂಚರಿಸ್ಟ್’ ಒಬ್ಬರ ಭಾಷಣವಿರಲಿ ಎಂದು ಮೇಲಿನಿಂದ ಅಪ್ಪಣೆಯಾಗಿತ್ತು. ತರಬೇತಿ ವಿಭಾಗ ನನ್ನದಾದ್ದರಿಂದ ಕಡತವೂ ನನ್ನದಾಯಿತು.

ನಿಯಮಕ್ಕೇನೂ ಕೊರತೆಯಿರಲಿಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಾವಳಿಯ 194ನೆಯ ನಿಯಮದಂತೆ, ತಕ್ಕ ಕಾರಣವನ್ನು ಬರೆದಿಟ್ಟರೆ ಸ್ಪರ್ಧೆಯಿಲ್ಲದೆ ಒಬ್ಬರನ್ನೇ ಸಲಹೆಗಾಗಿ ಆರಿಸಬಹುದು. ಸಂಭಾವನೆಯಿಂದ ತೆರಿಗೆ ಮುರಿದುಕೊಳ್ಳಲು 1961ರ ಆದಾಯ ತೆರಿಗೆ ಕಾಯ್ದೆಯಲ್ಲಿದ್ದ ಕಲಮೂ 194-ಜೆ. (ಸಂಖ್ಯಾಶಾಸ್ತ್ರದವರು ಇದರಲ್ಲಿ ಏನಾದರೂ ಕಂಡಾರು.) ಆದರೆ ಹಣಕಾಸು ವಿಭಾಗದವರು ಒಂದೇ ಸಾಲಿನ ಪ್ರಶ್ನೆಯೊಡನೆ ಕಡತವನ್ನು ಹಿಂದಿರುಗಿಸಿದರು: ಈ ಭಾಷಣದಿಂದ ಕಚೇರಿಗೆ ಆಗುವ ಪ್ರಯೋಜನವೇನು? ಸಹೋದ್ಯೋಗಿಗಳು ಅದನ್ನು ಅಡ್ಡಗಾಲೆಂದರು. ನನಗೆ ಮಾತ್ರ, ಇಡೀ ವ್ಯವಹಾರದಲ್ಲಿ ಕೇಳಲೇಬೇಕಾಗಿದ್ದ ಪ್ರಶ್ನೆ ಅದೊಂದೇ ಎನಿಸಿತು.

ಭವಿಷ್ಯ ಕೇಳುವುದು ನಮ್ಮವರಿಗೆ ಹೊಸತಲ್ಲ. ಹೂವಿನಹಡಗಲಿ ಸೀಮೆಯ ಮೈಲಾರದಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಉಪವಾಸವಿದ್ದು, ಬಿಲ್ಲನ್ನೇರಿ, ‘ಸದ್ದಲೇ’ ಎಂದು ನೆರೆದ ಜನಸಾಗರದ ಗದ್ದಲವನ್ನು ಅಡಗಿಸಿ ಒಂದೇ ಒಂದು ಮಾತು ನುಡಿಯುತ್ತಾನೆ. ಅದೇ ಕಾರ್ಣಿಕ. ಅದು ಮಳೆಯ ಮಾತೋ ರಾಜಕೀಯದ ಮಾತೋ, ಅರ್ಥ ಹಚ್ಚುವ ಹೊಣೆ ಕೇಳಿದವರದು. ನಮಗೆ ಬಂದ ಫ್ಯೂಚರಿಸ್ಟರ ಪರಿಚಯಪತ್ರಗಳಲ್ಲಿ ಮಾತುಗಳು ಬೇಕಾದಷ್ಟಿದ್ದವು. ಕೇಳುವವರಿಗೆ ಯಾವ ಹೊಣೆಯೂ ಇದ್ದಂತೆ ಕಾಣಲಿಲ್ಲ.

ಹೇಳಿದ್ದು ನಿಜವಾಗುತ್ತದೆಯೇ ಎಂಬುದು ಬೇರೆಯೇ ಮಾತು. ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ 284 ಪರಿಣತರ ರಾಜಕೀಯ, ಆರ್ಥಿಕ ಊಹೆಗಳನ್ನು ಸುಮಾರು ಎರಡು ದಶಕ ಕಲೆಹಾಕಿ, ನಡೆದದ್ದರೊಡನೆ ತಾಳೆ ನೋಡಿ, 2005ರಲ್ಲಿ ಪುಸ್ತಕವನ್ನೇ ಬರೆದರು. ಪರಿಣತರ ಹೆಸರು ದೊಡ್ಡದಾದಷ್ಟೂ ಗುರಿ ತಪ್ಪುವುದು ಹೆಚ್ಚು ಎಂದು ಅವರಿಗೆ ಕಂಡಿತು. ಎಂ.ಎ. ದಿನಗಳಲ್ಲಿ ನಾನು ಪಠ್ಯಪುಸ್ತಕಗಳ ನಡುವೆ ಕದ್ದು ಓದಿದ್ದ ಆಲ್ವಿನ್ ಟಾಫ್ಲರ್, ಜನ ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಕಚೇರಿ ಕೆಲಸ ಮಾಡುವ ಕಾಲ ಬರುತ್ತದೆಂದು 1980ರ ‘ದ ಥರ್ಡ್ ವೇವ್’ನಲ್ಲಿ ಬರೆದಿದ್ದರು. ಅದು ನಮ್ಮ ಕಚೇರಿಗೂ ಬಂದಿತು, 2020ರ ಮಾರ್ಚಿನಲ್ಲಿ, ಒಂದು ವೈರಾಣುವಿನ ಬೆನ್ನೇರಿ.

ನನಗೆ ದಾರಿ ತೋರಿದವರು ಪಿಯರ್ ವ್ಯಾಕ್ ಎಂಬ ಫ್ರೆಂಚ್ ಮಹಾಶಯರು. 1970ರ ದಶಕದ ಆರಂಭದಲ್ಲಿ ಶೆಲ್ ತೈಲ ಕಂಪನಿಯಲ್ಲಿದ್ದ ಅವರು, ಬೆಲೆ ಇಷ್ಟೇ ಆಗುತ್ತದೆಂದು ಹೇಳಲು ಹೊರಡಲಿಲ್ಲ. ಹೀಗಾದರೆ ಏನು, ಹಾಗಾದರೆ ಏನು ಎಂದು ಕೆಲವು ಕಥನಗಳನ್ನು ಕಟ್ಟಿ ಕಂಪನಿಯನ್ನು ನಡೆಸುವವರ ಮುಂದಿಟ್ಟರು. ಅವರ ತಲೆಯೊಳಗಿನ ನಕ್ಷೆ ಬದಲಾಗಬೇಕೆಂಬುದು ವ್ಯಾಕ್ ಅವರ ಹಟ. 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದು, ಕೆಲವೇ ತಿಂಗಳಲ್ಲಿ ಬೆಲೆ ಸುಮಾರು ನಾಲ್ಕು ಪಟ್ಟಾದಾಗ, ಶೆಲ್‌ನವರಿಗೆ ಅದು ಮನಸ್ಸಿನಲ್ಲಿ ಒಮ್ಮೆ ನಡೆದು ನೋಡಿದ್ದ ದಾರಿಯಾಗಿತ್ತು. ಹಣಕಾಸು ವಿಭಾಗಕ್ಕೆ ನಾನು ಬರೆದ ಉತ್ತರದ ತಿರುಳೂ ಇಷ್ಟೇ: ಭವಿಷ್ಯವಾಣಿ ಬೇಡ, ತಾಲೀಮು ಬೇಕು.

ಕೊನೆಗೆ ಉಳಿದ ಇಬ್ಬರಲ್ಲಿ ಒಬ್ಬರು ಸಭಾಂಗಣದ ಪರದೆಯ ಅಳತೆ ಕೇಳಿದರು. ಇನ್ನೊಬ್ಬರು, ಮಧ್ಯವಯಸ್ಸಿನ ಮಹಿಳೆ, ಸಭೆಯಲ್ಲಿ ಯಾರು ಯಾರು ಕೂರುತ್ತಾರೆಂದು ಕೇಳಿದರು. ಎರಡನೆಯವರನ್ನು ಆರಿಸಿದೆವು. ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ನಿಮ್ಮ ಕಚೇರಿಗೂ ಇಂಥವರನ್ನು ಕರೆಸುವ ಉಮೇದು ಬಂದರೆ, ಅವರಿಗೆ ನೀವು ಕೇಳುವ ಪ್ರಶ್ನೆಗಳಿಗಿಂತ ಅವರು ನಿಮಗೆ ಕೇಳುವ ಪ್ರಶ್ನೆಗಳನ್ನು ಗಮನಿಸಿ. ಈಕೆಯ ಷರತ್ತು ಒಂದೇ: ಅಧಿಕಾರಿಗಳಲ್ಲದೆ ಟೈಪಿಸ್ಟರೂ ರವಾನೆ ಶಾಖೆಯವರೂ ಇರಬೇಕು.

ಹತ್ತು ವರ್ಷ ಮುಂದಿನ ನಮ್ಮ ಕಚೇರಿಯ ಮೂರು ಚಿತ್ರಗಳನ್ನು ಅವರು ಮುಂದಿಟ್ಟರು. ಒಂದರಲ್ಲಿ ಕಡತವನ್ನು ಯಂತ್ರವೇ ಓದಿ ಟಿಪ್ಪಣಿ ಬರೆಯುತ್ತದೆ. ಇನ್ನೊಂದರಲ್ಲಿ ಯಂತ್ರ ಬರೆದುದನ್ನು ತಿದ್ದಲು ಜನ ಸಾಲದು. ಮತ್ತೊಂದರಲ್ಲಿ ಕಚೇರಿಯೇ ಬೇರೊಂದರೊಳಗೆ ವಿಲೀನವಾಗಿದೆ. ಗುಂಪುಗಳಲ್ಲಿ ಚರ್ಚೆ ನಡೆದಿದ್ದಾಗ ರವಾನೆ ಶಾಖೆಯ ಹಿರಿಯರೊಬ್ಬರು ಎದ್ದುನಿಂತರು. 28 ವರ್ಷ ಅಂಚೆಯ ವಹಿ ಬರೆದವರು. ಇ-ಆಫೀಸ್ ಬಂದ ಮೇಲೆ ಅವರ ಮೇಜಿಗೆ ದಿನಕ್ಕೆ ನಾಲ್ಕು ಲಕೋಟೆ ಬಂದರೆ ಹೆಚ್ಚು.

‘ಮೇಡಂ, ಈ ಮೂರರಲ್ಲಿ ನಾನು ಎಲ್ಲಿ ಕುಳಿತಿದ್ದೇನೆ?’ ಎಂದು ಅವರು ಹಿಂದಿಯಲ್ಲಿ ಕೇಳಿದರು.

ಗೊರವಯ್ಯ ಕೂಗದೆಯೇ ಸದ್ದಡಗಿತು. ‘ಅದಕ್ಕೆ ಉತ್ತರ ಕೊಡಬೇಕಾದವಳು ನಾನಲ್ಲ’ ಎಂದು ಆಕೆ ಮೊದಲ ಸಾಲಿನತ್ತ ನೋಡಿದರು. ಆ ಸಾಲಿನ ಕೊನೆಯ ಕುರ್ಚಿ ನನ್ನದಾಗಿತ್ತು.

ತಿಂಗಳೊಳಗೆ ಉತ್ತರಿಸುವುದಾಗಿ ನಮ್ಮ ನಿರ್ದೇಶಕರು ಅಲ್ಲೇ ಮಾತು ಕೊಟ್ಟರು. ಹೊಸ ಕೆಲಸ ಕಲಿಸಬೇಕಾದ 11 ಮಂದಿಯ ಪಟ್ಟಿ ಈಗ ನನ್ನ ಮೇಜಿನ ಮೇಲಿದೆ. ಆ ಹಿರಿಯರ ಹೆಸರು ಮೂರನೆಯದು. ಸೇವೆಗೆ ಸೇರಿದ ದಿನಾಂಕ, ನಿವೃತ್ತಿಯ ದಿನಾಂಕ ಎರಡನ್ನೂ ತುಂಬಿಯಾಗಿದೆ. ಯಾವ ಕೆಲಸಕ್ಕೆ ಎಂಬ ಅಂಕಣ ಇನ್ನೂ ಖಾಲಿಯಿದೆ.