ಮುಳುಗುವ ಗಡ್ಡೆ, ತೇಲುವ ಗಡ್ಡೆ

ಬರ್ಗರಿನಿಂದ ಬನ್ನು ತೆಗೆದಿಟ್ಟು, ಉಳಿದದ್ದನ್ನೆಲ್ಲ ಕರಿದ ಆಲೂಗಡ್ಡೆಯ ಮೇಲೆ ಸುರಿದರೆ ಅದು ಲೋಡೆಡ್ ಫ್ರೈಸ್. ಕೆಂಪಗೆ ಹುರಿದ ಈರುಳ್ಳಿ, ಕರಗಿದ ಚೀಸು, ಪುಡಿಪುಡಿ ಮಾಡಿದ ಪ್ಯಾಟಿ, ವಿನಿಗರಿನಲ್ಲಿ ನೆನೆದ ಮಿಡಿಸೌತೆಯ ಚೂರು, ಟೊಮ್ಯಾಟೊ, ಎಲ್ಲಕ್ಕೂ ಮೇಲೆ ತಿಳಿಗಿತ್ತಳೆ ಬಣ್ಣದ ಸಾಸು. ಮೊದಲ ಸಲ ನೋಡಿದವರಿಗೆ ಯಾರೋ ಅರ್ಧ ತಿಂದು ಬಿಟ್ಟ ತಟ್ಟೆಯಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ನಾನು ತಿಂದ ಕಡೆ ಒಂದು ಡಬ್ಬಿಗೆ 280 ರೂಪಾಯಿ.

ಇದು ಹುಟ್ಟಿದ್ದು ಅಮೆರಿಕಾ ಖಂಡದ ರಸ್ತೆಬದಿಯ ಹೋಟೆಲುಗಳಲ್ಲಿ. ಕ್ಯಾಲಿಫೋರ್ನಿಯಾದಲ್ಲಿ 1948ರಲ್ಲಿ ಶುರುವಾದ ಇನ್-ಎನ್-ಔಟ್ ಎಂಬ ಬರ್ಗರ್ ಹೋಟೆಲಿನಲ್ಲಿ ಬಲ್ಲವರು ‘ಅನಿಮಲ್ ಸ್ಟೈಲ್’ ಎಂದು ಕೇಳಿದರೆ ಫ್ರೈಸಿನ ಮೇಲೆ ಚೀಸು, ಹುರಿದ ಈರುಳ್ಳಿ ಮತ್ತು ಬರ್ಗರಿನ ಸಾಸು ಹಾಕಿ ಕೊಡುತ್ತಾರೆ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1950ರ ದಶಕದಿಂದಲೂ ಫ್ರೈಸಿನ ಮೇಲೆ ಚೀಸಿನ ಗಟ್ಟಿಯನ್ನೂ ಬಿಸಿ ಗ್ರೇವಿಯನ್ನೂ ಹಾಕಿ ‘ಪೂಟೀನ್’ ಎಂದು ತಿನ್ನುತ್ತಾರೆ. ಎರಡೂ ಕಡೆ ನಡೆದದ್ದು ಒಂದೇ: ಪಕ್ಕವಾದ್ಯವನ್ನು ಕರೆದು ವೇದಿಕೆಯ ನಡುವೆ ಕೂರಿಸಿದ್ದು.

ನಮ್ಮಲ್ಲಿ ಆಲೂಗಡ್ಡೆ ಇನ್ನೂ ಪಕ್ಕವಾದ್ಯವೇ. ಮಸಾಲೆದೋಸೆಯ ಮಡಿಕೆಯೊಳಗೆ, ಪೂರಿಯ ಪಕ್ಕದ ಸಾಗುವಿನಲ್ಲಿ, ಬೋಂಡದ ಹೊಟ್ಟೆಯಲ್ಲಿ ಕೂತಿರುತ್ತದೆ. ಅದನ್ನೇ ಬೆಳೆದು ಬದುಕಿದ ನಮ್ಮ ಹಾಸನ ಜಿಲ್ಲೆಯಲ್ಲೂ ಆಲೂಗಡ್ಡೆಯೊಂದನ್ನೇ ಉಂಡು ಎದ್ದವರಿಲ್ಲ. ಮುದ್ದೆ ಇರಬೇಕು, ಸಾರಿರಬೇಕು, ಸಾರಿನೊಳಗೆ ಗಡ್ಡೆ ಇದ್ದರೆ ಇರಲಿ.

ಆದರೆ ಹೊಲದಲ್ಲಿ ಅದೇ ರಾಜ. ಏಪ್ರಿಲ್, ಮೇ ತಿಂಗಳಲ್ಲಿ ಪಂಜಾಬಿನ ಜಲಂಧರದಿಂದ ಲಾರಿಗಳಲ್ಲಿ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಗೆ ಬರುತ್ತದೆ. ಹೆಚ್ಚಿನದು ಕುಫ್ರಿ ಜ್ಯೋತಿ. ಹಿಮಾಚಲದ ಕುಫ್ರಿಯ ಹೆಸರು ಹೊತ್ತು 1968ರಲ್ಲಿ ಬಿಡುಗಡೆಯಾದ ತಳಿ. ಮುಂಗಾರಿನ ಮೊದಲ ಮಳೆಗೆ ನೆಟ್ಟರೆ ಗೌರಿಹಬ್ಬದ ಆಸುಪಾಸಿಗೆ ಕೀಳಬಹುದು. ನಡುವೆ ಒಂದು ವಾರ ಬಿಸಿಲು ಕಾಣದೆ ಜಡಿಮಳೆ ಹಿಡಿದರೆ ಅಂಗಮಾರಿ ಬರುತ್ತದೆ. ಎಲೆಯ ಅಂಚಿನಲ್ಲಿ ಕಪ್ಪು ಮಚ್ಚೆ ಕಂಡ ನಾಲ್ಕೈದು ದಿನಕ್ಕೆ ಇಡೀ ತಾಕು ಸುಟ್ಟಂತೆ ಮಲಗುತ್ತದೆ. 1845ರಿಂದ ಐರ್ಲೆಂಡಿನ ಜನರನ್ನು ಹಸಿವಿಗೆ ದೂಡಿದ್ದು ಇದೇ ರೋಗ. ನಮ್ಮಲ್ಲಿ ಅದು ಜನರನ್ನು ಜೋಳಕ್ಕೆ, ಶುಂಠಿಗೆ, ಬೆಂಗಳೂರಿಗೆ ದೂಡಿತು.

ಹಾಗೆ ಹೋದವರಲ್ಲಿ ನನ್ನ ತಮ್ಮನೂ ಒಬ್ಬ. ಎರಡು ವರ್ಷ ಸಾಲಾಗಿ ಅಂಗಮಾರಿ ಬಿದ್ದ ಮೇಲೆ, ‘ಈ ಗಡ್ಡೆ ಸವಾಸ ಸಾಕು’ ಅಂದು ಬಸ್ಸು ಹತ್ತಿದ. ಬೆಂಗಳೂರಿನಲ್ಲಿ ಕುರ್ಚಿ ಮೇಜು ಯಾವುದೂ ಇಲ್ಲದ, ಬರೀ ಮೊಬೈಲಿನಲ್ಲಿ ಬಂದ ಆರ್ಡರುಗಳಿಗೆ ಅಡುಗೆ ಮಾಡಿ ಕಳಿಸುವ ಒಂದು ಕಿಚನ್ನಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವನನ್ನು ನಿಲ್ಲಿಸಿದ್ದು ಕರಿಯುವ ಎಣ್ಣೆಯ ಮುಂದೆ. ಗಡ್ಡೆಯನ್ನು ಬಿಟ್ಟು ಓಡಿದವನು ದಿನಕ್ಕೆ ಹತ್ತು ತಾಸು ಗಡ್ಡೆಯನ್ನೇ ಕರಿಯುತ್ತಾನೆ. ಆದರೆ ಈ ಎರಡು ವರ್ಷದಲ್ಲಿ ಒಂದೇ ಒಂದು ಗಡ್ಡೆಗೂ ಚಾಕು ಹಾಕಿಲ್ಲ. ಎರಡೂವರೆ ಕಿಲೋದ ಹಿಮಗಟ್ಟಿದ ಚೀಲ ಒಡೆದು, ಜಾಲರಿಗೆ ಸುರಿದು, ಎಣ್ಣೆಗಿಳಿಸಿ, ಮೂರು ನಿಮಿಷಕ್ಕೆ ಎತ್ತುವುದು. ಮೇಲೆ ಹಾಕುವುದನ್ನೆಲ್ಲ ಹಾಕಿ ಮುಚ್ಚಳ ಮುಚ್ಚುವುದು. ಅಷ್ಟೇ.

ಅಪ್ಪ ಅವನೊಡನೆ ಮಾತು ಬಿಟ್ಟಿರಲಿಲ್ಲ. ನೇರವಾಗಿ ಆಡುತ್ತಿರಲಿಲ್ಲ, ಅಷ್ಟೇ. ‘ಊಟುಕ್ಕೆ ಬರುಕ್ಕೇಳು’ ಎಂದು ಅವ್ವನಿಗೆ ಹೇಳುವುದು, ಅವನು ಅಲ್ಲೇ ಎರಡು ಮಾರು ದೂರದಲ್ಲಿ ಕೂತು ಅದನ್ನು ಕೇಳಿಸಿಕೊಂಡು ಏಳುವುದು. ಹೋದ ಗೌರಿಹಬ್ಬಕ್ಕೆ ಅವನೂ ನಾನೂ ಊರಿಗೆ ಬಂದಾಗ ಹತ್ತು ಗುಂಟೆಯ ಗಡ್ಡೆ ಕಿತ್ತು ಜಗಲಿಯಲ್ಲಿ ಹರವಿತ್ತು. ಉಳಿದ ಹೊಲವೆಲ್ಲ ಜೋಳ. ಹಬ್ಬದ ಮೂರನೆಯ ದಿನ ಅವ್ವ, ‘ನೀನಲ್ಲಿ ಅದೇನ್ ಮಾಡ್ತೀಯೋ ಅದ್ನ ಒಂದ್ಸಲ ಇಲ್ಲೂ ಮಾಡ್ಲಾ, ನೋಡವಾ’ ಅಂದಳು.

ತಮ್ಮ ಜಗಲಿಯ ಗಡ್ಡೆಗಳನ್ನು ನೋಡಿ, ‘ಇದ್ರಲ್ಲಿ ಆಗಲ್ಲ ಕಣವ್ವ. ಇದು ನೀರ್ಗಡ್ಡೆ. ಅಲ್ಲಿಗೆ ಬರೋದು ಗುಜರಾತಿಂದು’ ಅಂದ. ಬಾಗಿಲ ಬಳಿ ಕೂತಿದ್ದ ಅಪ್ಪನಿಗೆ ಇದು ಕೇಳಿಸಿತು. ಅಪ್ಪ ಏನೂ ಅನ್ನಲಿಲ್ಲ.

ತಮ್ಮ ಹೇಳಿದ್ದು ನಿಜ. ಫ್ರೈಸಿಗೆ ಬೇಕಾದದ್ದು ಒಣ ಅಂಶ ಹೆಚ್ಚಿರುವ ಗಡ್ಡೆ. ಎಣ್ಣೆಗೆ ಬಿದ್ದ ಗಡ್ಡೆಯಿಂದ ನೀರು ಆವಿಯಾಗಿ ಹೊರಗೆ ಹೋಗಬೇಕು, ಅಂಚಿನ ಪಿಷ್ಟ ಗಟ್ಟಿಯಾಗಿ ಗರಿಗರಿ ಪದರ ಕಟ್ಟಬೇಕು. ನೀರು ಹೆಚ್ಚಿದ್ದಷ್ಟೂ ಎಣ್ಣೆ ಕುಡಿಯುತ್ತದೆ, ತಟ್ಟೆಗೆ ಬಂದ ಎರಡು ನಿಮಿಷಕ್ಕೆ ಬಾಗುತ್ತದೆ. ಸಕ್ಕರೆಯ ಅಂಶ ಹೆಚ್ಚಿದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಗಡ್ಡೆಯನ್ನು ತೀರಾ ತಣ್ಣಗೆ ಇಟ್ಟರೆ ಪಿಷ್ಟವೇ ಸಕ್ಕರೆಯಾಗುತ್ತದೆ, ಅದಕ್ಕೇ ಫ್ರಿಜ್ಜಿನಲ್ಲಿಟ್ಟ ಗಡ್ಡೆ ಕರಿದರೆ ಬೇಗ ಕಂದುತ್ತದೆ. ಉತ್ತರ ಗುಜರಾತಿನಲ್ಲಿ ಆಲೂಗಡ್ಡೆ ಚಳಿಗಾಲದ ನೀರಾವರಿ ಬೆಳೆ: ಒಣ ಹವೆ, ತಂಪು ರಾತ್ರಿ, ಅಳೆದು ಬಿಟ್ಟ ನೀರು. ಕೆನಡಾ ಮೂಲದ ಮೆಕೇನ್ ಕಂಪನಿ ಫ್ರೈಸ್ ಕಾರ್ಖಾನೆ ಹಾಕಿದ್ದು ಅಲ್ಲಿಯ ಮೆಹಸಾಣಾದಲ್ಲಿ. ನಮ್ಮದು ಮಳೆಯಲ್ಲಿ ನೆನೆಯುತ್ತಲೇ ದಪ್ಪವಾಗುವ ಗಡ್ಡೆ. ಸಾರಿಗೆ, ಸಾಗುವಿಗೆ ಅದರಷ್ಟು ಚೆನ್ನಾಗಿ ಬೇಯುವುದು ಬೇರೆ ಇಲ್ಲ. ಎಣ್ಣೆಗೆ ಮಾತ್ರ ಅದು ಒಗ್ಗುವುದಿಲ್ಲ.

ಆದರೂ ಒಂದೇ ಹೊಲದ ಎಲ್ಲ ಗಡ್ಡೆಯೂ ಒಂದೇ ಸಮನಿರುವುದಿಲ್ಲ. ಒಣ ಅಂಶ ಹೆಚ್ಚಿರುವ ಗಡ್ಡೆ ತೂಕದಲ್ಲಿ ಭಾರ, ಉಪ್ಪುನೀರಿಗೆ ಹಾಕಿದರೆ ಮುಳುಗುತ್ತದೆ, ನೀರ್ಗಡ್ಡೆ ತೇಲುತ್ತದೆ. ನಾನು ಇದನ್ನು ತಮ್ಮನಿಗೆ ಹೇಳುತ್ತಿದ್ದೆ. ‘ಅಕ್ಕಾ, ಇದುಕ್ಕೂ ಒಂದು ಪಿಎಚ್‌ಡಿ ಮಾಡ್ಬೇಡ, ಉಪ್ಪು ಎಷ್ಟು ಹಾಕ್ಬೇಕು ಅದ್ನ ಹೇಳು’ ಅಂದ. ಹಿಂದಿನಿಂದ ಅಪ್ಪನ ದನಿ ಬಂತು: ‘ಬತ್ತುದ್ ಬೀಜ ಆಯಲ್ವಾ? ಹಂಗೇಯ.’

ನಮ್ಮ ಕಡೆ ಬತ್ತದ ಬಿತ್ತನೆ ಬೀಜವನ್ನು ಉಪ್ಪುನೀರಿನಲ್ಲಿ ಆಯುತ್ತಾರೆ. ನೀರಿಗೆ ಒಂದು ಹಸಿ ಮೊಟ್ಟೆ ಬಿಡುವುದು. ತಳದಲ್ಲಿ ಕೂತ ಮೊಟ್ಟೆ ಮೇಲೆ ಬಂದು, ಅದರ ನೆತ್ತಿ ನಾಲ್ಕಾಣೆ ಅಗಲ ಕಾಣುವವರೆಗೆ ಉಪ್ಪು ಕರಗಿಸುತ್ತಾ ಹೋಗುವುದು. ಆ ನೀರಿಗೆ ಬತ್ತ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿಕಾಳು ಮುಳುಗುತ್ತದೆ. ಹಬ್ಬದ ವಾರ ಮೊಟ್ಟೆಯನ್ನು ಅಡುಗೆಮನೆಗೆ ತರುವ ಹಾಗಿಲ್ಲ. ಅಪ್ಪ ಹಿತ್ತಲಲ್ಲೇ ಬಕೇಟು ಇಟ್ಟು, ಉಪ್ಪು ಸುರಿದು, ಕೋಳಿಗೂಡಿನಿಂದ ಮೊಟ್ಟೆ ತಂದು ಬಿಟ್ಟ. ತಮ್ಮ ಹನ್ನೆರಡು ಗಡ್ಡೆ ತೊಳೆದು ತಂದ. ನಾಲ್ಕು ಮುಳುಗಿದವು, ಎಂಟು ತೇಲಿದವು. ‘ನಾಕಾದ್ರೂ ಮುಳುಗಿದ್ವಲ್ಲ’ ಅಂದ ಅಪ್ಪ. ಯಾರಿಗೆ ಅಂದದ್ದೋ ಗೊತ್ತಿಲ್ಲ. ಅವ್ವ ಅಲ್ಲಿರಲಿಲ್ಲ.

ಮುಳುಗಿದ ನಾಲ್ಕನ್ನೂ, ನೋಡೋಣ ಎಂದು ತೇಲಿದ ಎರಡನ್ನೂ ಕಿರುಬೆರಳ ಗಾತ್ರಕ್ಕೆ ಹೆಚ್ಚಿ ಬೇರೆ ಬೇರೆ ಪಾತ್ರೆಗೆ ಹಾಕಿದೆವು. ಮೇಲಿನ ಪಿಷ್ಟ ಹೋಗುವ ತನಕ ಮೂರು ನೀರಿನಲ್ಲಿ ತೊಳೆಯಬೇಕು, ಇಲ್ಲದಿದ್ದರೆ ಒಂದಕ್ಕೊಂದು ಅಂಟುತ್ತವೆ. ಆಮೇಲೆ ಉಪ್ಪು ಮತ್ತು ಎರಡು ಚಮಚ ವಿನಿಗರ್ ಹಾಕಿದ ನೀರಿನಲ್ಲಿ ಏಳೆಂಟು ನಿಮಿಷ ಬೇಯಿಸುವುದು. ಹುಳಿಯಿದ್ದರೆ ಗಡ್ಡೆ ಬೆಂದರೂ ಒಡೆಯುವುದಿಲ್ಲ. ಹುಣಸೆಹುಳಿ ಹಾಕಿದ ಮೇಲೆ ಸಾರಿನ ತರಕಾರಿ ಮುಂದಕ್ಕೆ ಬೇಯುವುದಿಲ್ಲ ಎಂದು ಅವ್ವ ಬೈಯುವುದು ಇದೇ ಕಾರಣಕ್ಕೆ. ಬಸಿದು, ಹಳೆಯ ಪಂಚೆಯ ಮೇಲೆ ಹರವಿ, ಹಬೆ ಪೂರ್ತಿ ಆರುವವರೆಗೆ ಬಿಡುವುದು.

ಅದು ಆರುವಷ್ಟರಲ್ಲಿ ಮೇಲಿನ ಸರಂಜಾಮು. ಅಮೆರಿಕದಲ್ಲಿ ಪ್ಯಾಟಿ ಎಂದರೆ ದನದ ಮಾಂಸ. 1996ರಲ್ಲಿ ಭಾರತಕ್ಕೆ ಬಂದ ಮೆಕ್‌ಡೊನಾಲ್ಡ್ಸ್ ಅದನ್ನು ಬಿಟ್ಟು, ಮುಂದೆ ಆಲೂ ಟಿಕ್ಕಿಯನ್ನೇ ಬನ್ನಿನೊಳಗಿಟ್ಟಿತು. ಆ ಟಿಕ್ಕಿಯನ್ನು ಫ್ರೈಸಿನ ಮೇಲೆ ಪುಡಿಮಾಡಿದರೆ ಗಡ್ಡೆಯ ಮೇಲೆ ಗಡ್ಡೆಯಾಗುತ್ತದೆ. ಹಬ್ಬದ ವಾರವಾದ್ದರಿಂದ ಕೋಳಿ ಕೈಮವೂ ಇಲ್ಲ. ಅಲಸಂದೆ ಕಾಳು ಬೇಯಿಸಿ, ತರಿತರಿಯಾಗಿ ಹಿಸುಕಿ, ಬಾಣಲೆಯಲ್ಲಿ ಬೆಳ್ಳುಳ್ಳಿ, ಮೆಣಸು, ಸ್ವಲ್ಪ ಜೀರಿಗೆಯ ಜೊತೆ ತಳ ಹಿಡಿಯುವಷ್ಟು ಹುರಿದೆವು. ಆ ಸೀಕಲು ಅಂಚೇ ಅದರ ರುಚಿ.

ಮಿಡಿಸೌತೆ ಪಕ್ಕದ ಹೊಲದವರು ಕೊಟ್ಟದ್ದು. ಬರ್ಗರಿನೊಳಗಿನ ಆ ಹುಳಿ ಬಿಲ್ಲೆಯನ್ನು ಪರದೇಶದ ತರಕಾರಿ ಎಂದುಕೊಂಡವರೇ ಹೆಚ್ಚು. ಕರ್ನಾಟಕದಲ್ಲಿ 1990ರ ದಶಕದ ಮೊದಲಿಂದಲೂ ಅದು ಒಪ್ಪಂದದ ಬೆಳೆ. ಕಂಪನಿಯವರು ಬೀಜ ಕೊಟ್ಟು, ಕಾಯನ್ನು ಗಾತ್ರದ ಮೇಲೆ ವಿಂಗಡಿಸಿ ಕೊಳ್ಳುತ್ತಾರೆ. ಎಳೆಯ ಸಣ್ಣ ಕಾಯಿಗೆ ಹೆಚ್ಚು ದರ, ಒಂದು ದಿನ ತಡವಾಗಿ ಕಿತ್ತು ದಪ್ಪವಾದರೆ ದರ ಇಳಿಯಿತು. ಬೆಳೆಯೆಲ್ಲ ಉಪ್ಪುನೀರಿನ, ವಿನಿಗರಿನ ಡ್ರಮ್ಮುಗಳಲ್ಲಿ ಹಡಗು ಹತ್ತುತ್ತದೆ. ದಪ್ಪವಾಯಿತೆಂದು ಕಂಪನಿ ಬಿಟ್ಟ ನಾಲ್ಕು ಕಾಯನ್ನು ನಾವು ಬಿಲ್ಲೆ ಮಾಡಿ, ವಿನಿಗರ್, ಉಪ್ಪು, ಸಕ್ಕರೆಯಲ್ಲಿ ಒಂದು ಗಂಟೆ ನೆನೆಸಿದೆವು. ಎಷ್ಟೋ ವರ್ಷದಿಂದ ಅದನ್ನು ಬೆಳೆಯುವ ಪಕ್ಕದ ಹೊಲದ ಚಿಕ್ಕಮ್ಮ ಒಂದು ಬಿಲ್ಲೆ ಬಾಯಿಗಿಟ್ಟು, ‘ಓ, ಇದುಕ್ಕಾ ಇದ್ನ ತಕೊಂಡೋಗದು’ ಅಂದರು.

ಸಾಸಿಗೆ ಮೊಟ್ಟೆಯ ಮೇಯೊನೀಸ್ ಬದಲು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಅದಕ್ಕೆ ಟೊಮ್ಯಾಟೊ ಕೆಚಪ್, ಸಾಸಿವೆ ಪುಡಿ, ಸಣ್ಣಗೆ ಕೊಚ್ಚಿದ ಅದೇ ಮಿಡಿಸೌತೆ. ಚೀಸಿಗೆ ಒಂದು ಚಮಚ ಬೆಣ್ಣೆಯಲ್ಲಿ ಒಂದು ಚಮಚ ಮೈದಾ ಹುರಿದು, ಒಂದು ಲೋಟ ಹಾಲು ಬೆರೆಸಿ ಕುದಿಸಿ, ಒಲೆಯಿಂದ ಇಳಿಸಿದ ಮೇಲೆ ತುರಿದ ಚೀಸು. ಮೈದಾ ಇಲ್ಲದೆ ಬರೀ ಹಾಲಿಗೆ ಚೀಸು ಹಾಕಿದರೆ ಜಿಡ್ಡು ಬೇರೆ, ಗಂಟು ಬೇರೆ ಆಗುತ್ತದೆ. ಲೆಟ್ಯೂಸಿನ ಬದಲು ಎಳೆಗಳಾಗಿ ಹೆಚ್ಚಿದ ಕೋಸು.

ಎಣ್ಣೆಯ ಮುಂದೆ ನಿಂತಾಗ ತಮ್ಮ ಬೇರೆ ಮನುಷ್ಯನಾದ. ಮೊದಲ ಸಲ ಸಣ್ಣ ಉರಿಯಲ್ಲಿ, ಬಣ್ಣ ಬರದಂತೆ ನಾಲ್ಕೈದು ನಿಮಿಷ. ತೆಗೆದು ಆರಿಸಿ, ಬಡಿಸುವ ಹೊತ್ತಿಗೆ ದೊಡ್ಡ ಉರಿಯಲ್ಲಿ ಎರಡು ನಿಮಿಷ. ಅಲ್ಲಿ ಯಂತ್ರವೇ ಶಾಖ ತೋರಿಸುತ್ತದೆ, ಇಲ್ಲಿ ಬಾಣಲೆಯ ಮೇಲೆ ಕಿವಿ ಇಟ್ಟು ಕೇಳಿದ. ‘ನೀರ್ ಹೋಗೋ ಗಂಟ ಚೊರಚೊರ ಅಂತದೆ. ಸದ್ದು ಸಣ್ಣಗಾದ್ರೆ ಎತ್ತದು’ ಅಂದ. ಇದನ್ನು ಯಾರು ಕಲಿಸಿದರು ಎಂದು ಅವ್ವ ಕೇಳಿದಳು. ‘ದಿನಕ್ ನಾನೂರ್ ಸಲ ಮಾಡುದ್ರೆ ಬರತ್ತೆ’ ಅಂದ. ಅಪ್ಪ ಬಾಗಿಲಿಗೆ ಒರಗಿ ನೋಡುತ್ತಿದ್ದ.

ದೊಡ್ಡ ಸ್ಟೀಲ್ ಹರಿವಾಣದಲ್ಲಿ ಎಲ್ಲವನ್ನೂ ಜೋಡಿಸಿದೆವು. ತಳದಲ್ಲಿ ಗಡ್ಡೆ, ಮೇಲೆ ಚೀಸು, ಅಲಸಂದೆ, ಈರುಳ್ಳಿ, ಟೊಮ್ಯಾಟೊ, ಕೋಸು, ಮಿಡಿಸೌತೆ, ಕೊನೆಗೆ ಸಾಸು. ಒಂದು ಬದಿ ಮುಳುಗಿದ ಗಡ್ಡೆ, ಇನ್ನೊಂದು ಬದಿ ತೇಲಿದ್ದು. ಜೋಡಿಸಿದ ಮೇಲೆ ಕಾಯುವ ಹಾಗಿಲ್ಲ, ಐದು ನಿಮಿಷದ ಆಟ. ತೇಲಿದ ಗಡ್ಡೆ ಅಷ್ಟರೊಳಗೇ ಸೋತಿತು. ಮುಳುಗಿದ್ದು ಗುಜರಾತಿನದರಷ್ಟು ಉದ್ದವಿರಲಿಲ್ಲ, ಆದರೆ ಕಡಿದರೆ ಸದ್ದು ಬಂತು, ಒಳಗೆ ಬೆಣ್ಣೆಯ ಹಾಗೆ ಹಳದಿಯಾಗಿತ್ತು. ತಮ್ಮ ಒಂದೊಂದೇ ತಿಂದು ನೋಡುತ್ತಿದ್ದ. ದಿನವೆಲ್ಲ ಕರಿದರೂ ಅಲ್ಲಿ ಅದನ್ನು ಕೂತು ತಿಂದದ್ದು ಕಡಿಮೆಯಂತೆ.

ಅಪ್ಪ ಮೇಲಿನದನ್ನೆಲ್ಲ ಬೆರಳಿನಲ್ಲಿ ಸರಿಸಿ, ಬರೀ ಗಡ್ಡೆ ಆರಿಸಿ ಬಾಯಿಗೆ ಹಾಕಿಕೊಂಡ. ಆ ಬದಿಯದು ಒಂದು, ಈ ಬದಿಯದು ಒಂದು. ‘ಮುಳುಗೋ ಬೀಜವ ಅವ್ರು ಎಲ್ಲಿಂದ ತತ್ತಾರ್ಲಾ?’ ಎಂದು ಕೇಳಿದ.

ತಮ್ಮ ನನ್ನ ಮುಖ ನೋಡಿದ, ಆಮೇಲೆ ಅಪ್ಪನ ಮುಖ. ‘ಕಂಪನಿಯೋರೇ ಕೊಡ್ತಾರಂತೆ ಕಣಪ್ಪ. ಅವ್ರೇ ಕೊಂಡ್ಕೊಂಡೂ ಹೋಗ್ತಾರೆ.’

‘ಮಿಡಿಸೌತೆ ಥರ.’

‘ಹ್ಞೂಂ, ಅದೇ ಥರ.’

ಚಿಪ್ಸೋನಾ, ಫ್ರೈಸೋನಾ ಎಂದು ಕರಿಯಲೆಂದೇ ತೆಗೆದ ಕುಫ್ರಿ ತಳಿಗಳಿವೆ ಎಂದು ನಾನು ಹೇಳಿದೆ. ನಮ್ಮ ಮುಂಗಾರಿನಲ್ಲಿ ಅವೂ ನೀರು ಕುಡಿಯುವುದು ತಪ್ಪುವುದಿಲ್ಲ, ಹಿಂಗಾರಿನಲ್ಲಿ ಬೋರಿನ ನೀರು ಕೊಟ್ಟು ಬೆಳೆದರೆ ಮಾತು ಬೇರೆ ಎಂದೂ ಹೇಳಿದೆ. ‘ಬೋರಲ್ಲಿ ನೀರೆಲ್ಲವ್ವ’ ಅಂದ ಅಪ್ಪ. ಆಮೇಲೆ ತಮ್ಮನ ಕಡೆ ತಿರುಗಿ, ಅಲ್ಲಿ ಸಂಬಳ ಹೊತ್ತಿಗೆ ಸರಿಯಾಗಿ ಕೊಡುತ್ತಾರಾ, ಎಣ್ಣೆ ಸಿಡಿಯಲ್ವಾ, ಮಲಗುವುದೆಲ್ಲಿ ಎಂದು ಒಂದೊಂದಾಗಿ ಕೇಳಿದ. ತಮ್ಮ ತೋಳು ಮಡಚಿ ಮೊಣಕೈಯ ಹತ್ತಿರದ ಎರಡು ಸುಟ್ಟ ಕಲೆ ತೋರಿಸಿದ. ಅಪ್ಪ ಅದನ್ನು ಮುಟ್ಟಿ ನೋಡಿದ. ಅವ್ವ ಇಬ್ಬರ ನಡುವೆ ಹೇಳಲು ಏನೂ ಇಲ್ಲದೆ, ಹರಿವಾಣದ ತಳದಲ್ಲಿ ಉಳಿದ ಚೀಸನ್ನು ಕೋಸಿನಲ್ಲಿ ಬಳಿದು ತಿನ್ನುತ್ತಾ ಕೂತಳು.

ಮುಂದಿನ ವರ್ಷ ಆ ಹತ್ತು ಗುಂಟೆಗೂ ಜೋಳವೇ ಎಂದು ಅಪ್ಪ ಹಬ್ಬಕ್ಕೆ ಮುಂಚೆಯೇ ಹೇಳಿದ್ದ. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ತಮ್ಮ ಹೊರಡುವ ದಿನ ಬೆಳಗ್ಗೆ ನಾನು ಏಳುವ ಹೊತ್ತಿಗೆ ಹಿತ್ತಲಲ್ಲಿ ಬಕೇಟಿನ ಸದ್ದು. ಅರ್ಧ ಮೂಟೆ ಗಡ್ಡೆಯನ್ನು ಉಪ್ಪುನೀರಿಗೆ ಹಾಕಿ, ತೆಗೆದು, ಒರೆಸಿ, ಅಪ್ಪ ಎರಡು ಚೀಲ ಕಟ್ಟಿದ್ದ. ಚಿಕ್ಕ ಚೀಲಕ್ಕೆ ಗುರುತಿಗೆ ಕೆಂಪು ದಾರ. ‘ಇದು ಕರಿಯೋದು, ಅದು ಸಾರಿಗೆ. ರೂಮಲ್ಲಿ ಅದಲುಬದಲು ಮಾಡ್ಕಬ್ಯಾಡ’ ಎಂದು ತಮ್ಮನಿಗೇ ಹೇಳಿ, ಎರಡನ್ನೂ ಹೆಗಲಿಗೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.